ಗ್ರೇಡಿಂಗ್‌ನಲ್ಲಿ ಬಿದ್ದ ಆಲೂಗಡ್ಡೆಯಿಂದ ವೋಡ್ಕಾ ಮಾಡಿದ್ರೆ ಕಣ್ಣು ಹೋಗತ್ತಾ?

ಪ್ರಶ್ನೆ: ಸರ್, ನಮ್ಮದು ಮೂರು ತಲೆಮಾರಿಂದ ಆಲೂಗಡ್ಡೆ ಬೆಳೆಯೋ ಕುಟುಂಬ. ಪ್ರತಿ ಸಲ ಗಡ್ಡೆ ಕಿತ್ತ ಮೇಲೆ ಗ್ರೇಡಿಂಗ್‌ನಲ್ಲಿ ಸುಮಾರು 12 ಟನ್ ಹೊರಗೆ ಬೀಳತ್ತೆ. ಗೋಲಿ ಗಾತ್ರದ್ದು, ಯಂತ್ರ ತಾಗಿ ಸೀಳಿದ್ದು, ಸೊಟ್ಟಗಿರೋದು, ಹಸಿರು ತಿರುಗಿದ್ದು, ಕೆಲವು ಕೊಳೆತಿದ್ದೂ ಇರತ್ತೆ. ಅಣ್ಣನ ಮಗ ಇದರಲ್ಲಿ ಕ್ರಾಫ್ಟ್ ವೋಡ್ಕಾ ಮಾಡೋಣ ಅಂತ ಹಿಡಿದು ಕೂತಿದಾನೆ. 50 ಲೀಟರಿನ ತಾಮ್ರದ ಹಂಡೆ ನೋಡಿಟ್ಟಿದಾನೆ, ಎರಡು ಸಲ ಇಳಿಸಿದ್ರೆ ವೋಡ್ಕಾ, ಮೊದಲ ಲೋಟ ಚೆಲ್ಲಿದ್ರೆ ವಿಷ ಹೋಯ್ತು ಅಂತಾನೆ. ಅಪ್ಪ ಮಾತ್ರ ಹಸಿರು ಗಡ್ಡೆ ವಿಷ, ಕುಡಿದವರ ಕಣ್ಣು ಹೋದ್ರೆ ಮನೆತನದ ಹೆಸರು ಹೋಗತ್ತೆ ಅಂತ ಊಟ ಬಿಟ್ಟು ಕೂತ್ರು. ನಾವು ಭಟ್ಟಿ ಇಳಿಸಿಲ್ಲ, ಹುಳಿ ಬರತ್ತಾ ಅಂತ ಅಷ್ಟೇ ನೋಡಿದ್ವಿ. ಬೇಯಿಸಿ ಹಿಸುಕಿ ಬ್ರೆಡ್ಡಿನ ಯೀಸ್ಟ್ ಹಾಕಿದ್ವಿ, ಅಂಟಿನ ಮುದ್ದೆ ಆಯ್ತು, ಮೂರನೇ ದಿನಕ್ಕೆ ಕೊಳೆತ ಮೊಟ್ಟೆ ವಾಸನೆ. ಇದು ಆಗೋ ಕೆಲಸಾನಾ? ಎಷ್ಟು ಬಾಟಲಿ ಆಗತ್ತೆ? ಉಳಿದ ಗಸಿ ಹಸುಗಳಿಗೆ ಹಾಕಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅಪ್ಪನಿಗೆ ಜೀವಭಯ, ಹುಡುಗನಿಗೆ ಆತುರ, ಇಬ್ಬರ ಮಧ್ಯೆ ನಿಂತ ನಿಮಗೆ ಇದು ಲೆಕ್ಕಕ್ಕೆ ಬರತ್ತಾ ಇಲ್ವಾ ಅನ್ನೋ ಚಿಂತೆ. ನಾನು ಇಪ್ಪತ್ತು ವರ್ಷದ ಮೇಲೆ ಡಿಸ್ಟಿಲರಿಗಳ ಒಳಗೆ ಕೆಲಸ ಮಾಡಿದೀನಿ, ಅದರಲ್ಲಿ ಸುಮಾರು ವರ್ಷ ಆಲೂಗಡ್ಡೆ ಜೊತೆನೇ ಕಳೆದಿದೆ, ಹಾಗಾಗಿ ನೋಡಿದ್ದನ್ನ ನೋಡಿದ ಹಾಗೆ ಹೇಳ್ತೀನಿ. ಅದಕ್ಕೂ ಮೊದಲು ಒಂದು ಮಾತು, ಆ ಹಂಡೆ ಈಗಲೇ ತರಿಸಬೇಡಿ. ಹೆಚ್ಚಿನ ದೇಶಗಳಲ್ಲಿ ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸೋದು ಅಪರಾಧ, ಮಾರೋಕಲ್ಲ ಮನೆ ಮಟ್ಟಿಗೆ ಅಂದ್ರೂ ಅಪರಾಧನೇ, ಎಷ್ಟೋ ಕಡೆ ಹಂಡೆ ಇಟ್ಕೊಂಡಿರೋದಕ್ಕೂ ಅನುಮತಿ ಬೇಕು. ನ್ಯೂಜಿಲೆಂಡ್ ಥರ 1996ರಿಂದ ಸ್ವಂತ ಬಳಕೆಗೆ ಬಿಟ್ಟಿರೋ ದೇಶಗಳು ತೀರ ಕಮ್ಮಿ. ನಿಮ್ಮಲ್ಲಿ ಏನು ಕಾನೂನು ಅಂತ ಅಬಕಾರಿ ಇಲಾಖೆಯವರ ಹತ್ರ ಲಿಖಿತವಾಗಿ ಕೇಳ್ಕೊಳ್ಳಿ. ನಾನು ಇಲ್ಲಿ ಹೇಳೋದೆಲ್ಲ ಲೈಸೆನ್ಸ್ ಇರೋ ಜಾಗದಲ್ಲಿ ನಡೆಯೋ ಕೆಲಸದ ಬಗ್ಗೆ.

ಈಗ ಅಪ್ಪನವರ ಭಯಕ್ಕೆ ಬರೋಣ, ಯಾಕಂದ್ರೆ ಅದಕ್ಕೆ ಉತ್ತರ ಸಿಗದೆ ಮನೆಲಿ ಬೇರೆ ಮಾತು ನಡೆಯಲ್ಲ. ಕಣ್ಣು ತೆಗೆಯೋದು ಮೀಥನಾಲ್. ಅದು ದೇಹದೊಳಗೆ ಹೋಗಿ ಫಾರ್ಮಿಕ್ ಆಸಿಡ್ ಆಗತ್ತೆ, ಅದು ಕಣ್ಣಿನ ನರಕ್ಕೆ ಹೊಡೆಯತ್ತೆ. ಆದ್ರೆ ಅದು ಆಲೂಗಡ್ಡೆಯ ಪಿಷ್ಟದಿಂದ ಹುಟ್ಟಲ್ಲ, ಯೀಸ್ಟ್ ಸಕ್ಕರೆ ತಿಂದು ಕೊಡೋದು ಎಥನಾಲ್, ಅಂದ್ರೆ ಕುಡಿಯೋ ಆಲ್ಕೋಹಾಲ್. ಮೀಥನಾಲ್ ಬರೋದು ಪೆಕ್ಟಿನ್‌ನಿಂದ, ಗಿಡದ ಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿಯೋ ವಸ್ತು ಅದು, ಸೇಬು, ಪ್ಲಮ್ ಥರದ ಹಣ್ಣಲ್ಲಿ ಜಾಸ್ತಿ, ಆಲೂಗಡ್ಡೆಲಿ ಸ್ವಲ್ಪ, ಧಾನ್ಯದಲ್ಲಿ ಇನ್ನೂ ಕಮ್ಮಿ. ಯೂರೋಪಿನ ಕಾನೂನು ನೋಡಿದ್ರೆ ಅಂದಾಜು ಸಿಗತ್ತೆ. ಅಲ್ಲಿ 100 ಲೀಟರ್ ಶುದ್ಧ ಆಲ್ಕೋಹಾಲಿನ ಲೆಕ್ಕಕ್ಕೆ ಹಣ್ಣಿನ ಸ್ಪಿರಿಟ್‌ನಲ್ಲಿ 1,000 ಗ್ರಾಂ ತನಕ ಮೀಥನಾಲ್ ಇರಬಹುದು, ಕೆಲವು ಹಣ್ಣಿಗೆ ಅದಕ್ಕಿಂತ ಮೇಲೂ ಬಿಟ್ಟಿದಾರೆ, ವೋಡ್ಕಾಗೆ ಮಾತ್ರ 10 ಗ್ರಾಂ. ಜನ ತಲೆಮಾರುಗಳಿಂದ ಕುಡೀತಿರೋ ಹಣ್ಣಿನ ಸ್ಪಿರಿಟ್‌ಗೆ ಬಿಟ್ಟಿರೋ ಮಿತಿಯ ನೂರರಲ್ಲಿ ಒಂದು ಪಾಲು. ಆಗಾಗ ಸುದ್ದಿಲಿ ಬರೋ ಸಾಮೂಹಿಕ ಸಾವುಗಳಿದಾವಲ್ಲ, ಅವು ಹೆಚ್ಚುಕಮ್ಮಿ ಎಲ್ಲಾ ಕಾರ್ಖಾನೆಯ ಮೀಥನಾಲನ್ನ ಯಾರೋ ತಂದು ಕುಡಿಯೋದಕ್ಕೆ ಬೆರೆಸಿದ್ದರಿಂದ ಆದದ್ದು, ಹುಳಿ ಬಂದ ಆಲೂಗಡ್ಡೆಯಿಂದ ಅಲ್ಲ. ಇದನ್ನ ಅಪ್ಪನವರಿಗೆ ನಿಧಾನಕ್ಕೆ ಹೇಳಿ, ಅವರ ಭಯ ಸುಳ್ಳಲ್ಲ, ಆದ್ರೆ ಆ ವಿಷ ಬರೋ ದಾರಿ ಬೇರೆ.

ಹುಡುಗ ಹೇಳ್ತಿರೋ "ಮೊದಲ ಲೋಟ ಚೆಲ್ಲಿದ್ರೆ ವಿಷ ಹೋಯ್ತು" ಅನ್ನೋದು ಇನ್ನೊಂದು ತಪ್ಪು ನಂಬಿಕೆ, ಇದನ್ನ ನಾನು ಡಿಸ್ಟಿಲರಿಲಿ ಕೆಲಸ ಮಾಡೋರ ಬಾಯಲ್ಲೂ ಕೇಳಿದೀನಿ. ಮೀಥನಾಲ್ 64.7 ಡಿಗ್ರಿಗೆ ಕುದಿಯತ್ತೆ, ಎಥನಾಲ್ 78.3ಕ್ಕೆ, ಹಾಗಾಗಿ ಮೀಥನಾಲ್ ಮೊದಲು ಬಂದು ಮುಗಿಯತ್ತೆ ಅನ್ನೋ ಲೆಕ್ಕ ಕೇಳೋಕೆ ಸರಿ ಅನ್ಸತ್ತೆ. ಆದ್ರೆ ಹಂಡೆ ಒಳಗೆ ಅವೆರಡೂ ಬೇರೆಬೇರೆ ಕೂತಿರಲ್ಲ, ನೀರಿನ ಜೊತೆ ಬೆರೆತಿರತ್ತೆ. ನೀರು ಜಾಸ್ತಿ ಇರೋ ಗಂಜಿಯಿಂದ, ಅಂದ್ರೆ ನುರಿಸಿ ಹುದುಗಿಸಿದ ಗಡ್ಡೆಯಿಂದ, ಸಾಧಾರಣ ಹಂಡೆಲಿ ಇಳಿಸಿದಾಗ ಮೀಥನಾಲ್ ಮೊದಲಿಂದ ಕೊನೆ ತನಕ ಸ್ವಲ್ಪ ಸ್ವಲ್ಪ ಬರ್ತಾನೇ ಇರತ್ತೆ, ಅದನ್ನ ನಿಜವಾಗಿ ಬೇರೆ ಮಾಡೋಕೆ ಎತ್ತರದ ಕಾಲಂ, ಅಂದ್ರೆ ಆವಿ ಏರೋ ಉದ್ದನೆ ಕಂಬ, ಬೇಕು. ಹಾಗಂತ ಮೊದಲ ಭಾಗ ಇಟ್ಕೊಳ್ಳಿ ಅಂತಲ್ಲ. ಅದರಲ್ಲಿ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್ ಇರತ್ತೆ, ನೈಲ್ ಪಾಲಿಶ್ ಡಬ್ಬಿ ತೆಗೆದಂಗೆ ಮೂಗಿಗೆ ಹೊಡೆಯತ್ತೆ, ಅದನ್ನ ಹೆಡ್ಸ್ ಅಂತ ಬೇರೆ ಇಡಲೇಬೇಕು. ಅದನ್ನ ತೆಗೆದ ಮಾತ್ರಕ್ಕೆ ಉಳಿದಿದ್ದು ಶುದ್ಧ ಅಂತ ಸರ್ಟಿಫಿಕೇಟ್ ಸಿಕ್ಕಂಗಲ್ಲ, ಅಷ್ಟೇ. ಸರ್ಟಿಫಿಕೇಟ್ ಕೊಡೋದು ಲ್ಯಾಬ್‌ನ ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅಂದ್ರೆ ಯಾವ ವಸ್ತು ಎಷ್ಟಿದೆ ಅಂತ ಬೇರೆ ಮಾಡಿ ಅಳೆಯೋ ಪರೀಕ್ಷೆ. ಪ್ರತಿ ಬ್ಯಾಚಿಗೂ ಮಾಡಿಸಿ, ಅಪ್ಪನವರಿಗೆ ಆ ಕಾಗದ ತೋರಿಸಿ.

ಹಾಗಾದ್ರೆ ಭಯ ಪಡಬೇಕಾದ್ದು ಯಾವುದಕ್ಕೆ ಅಂದ್ರೆ ಬೆಂಕಿಗೆ, ಒತ್ತಡಕ್ಕೆ, ಗಾಳಿಗೆ. ಇದರಲ್ಲಿ ಒತ್ತಡ ಆಲೂಗಡ್ಡೆ ವಿಷಯದಲ್ಲಿ ಧಾನ್ಯಕ್ಕಿಂತ ಹೆಚ್ಚು ಎಚ್ಚರ ಕೇಳತ್ತೆ. ಆಲೂಗಡ್ಡೆ ಗಂಜಿ ದಪ್ಪ, ಅದರಲ್ಲಿರೋ ಪ್ರೋಟೀನಿಂದ ನೊರೆ ವಿಪರೀತ ಬರತ್ತೆ, ಹಂಡೆ ತುಂಬ ಹಾಕಿ ಬೆಂಕಿ ಜೋರು ಮಾಡಿದ್ರೆ ಆ ನೊರೆ ಏರಿ ಆವಿ ಹೋಗೋ ಕೊಳವೆಲಿ ಸಿಪ್ಪೆ ಸಿಕ್ಕಾಕೊಂಡು ದಾರಿ ಕಟ್ಟತ್ತೆ, ಆಮೇಲೆ ಅದು ಹಂಡೆ ಅಲ್ಲ, ಬಾಂಬು. ನಾನು ಕೆಲಸಕ್ಕಿದ್ದ ಒಂದು ಜಾಗದಲ್ಲಿ ಹಿಂಗೇ ಮುಚ್ಚಳ ಹಾರಿ ಮೇಲಿನ ತಗಡು ಸೀಳ್ಕೊಂಡು ಹೋಯ್ತು, ಕೆಲಸದವರು ಆ ಹೊತ್ತಿಗೆ ಆಚೆ ಇದ್ರು ಅಂತ ಬಚಾವಾದ್ರು, ಆ ಸದ್ದು ನನಗೆ ಇವತ್ತಿಗೂ ಕೇಳ್ಸತ್ತೆ. ಅವತ್ತಿಂದ ಹಂಡೆಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ತುಂಬಿಸೋಕೆ ನಾನು ಯಾರಿಗೂ ಬಿಟ್ಟಿಲ್ಲ, ಸೇಫ್ಟಿ ವಾಲ್ವ್ ಇಲ್ಲದ ಹಂಡೆ ಹತ್ರ ನಿಂತೂ ಇಲ್ಲ. ಇನ್ನು ಬೆಂಕಿ: 96 ಪರ್ಸೆಂಟ್ ಸ್ಪಿರಿಟ್‌ನ ಆವಿ ಸಾಧಾರಣ ಕೋಣೆಯ ಉಷ್ಣತೆಯಲ್ಲೇ ಕಿಡಿಗೆ ಹತ್ಕೊಳತ್ತೆ, ಅದಕ್ಕೆ ಕುದಿಬೇಕು ಅಂತೇನಿಲ್ಲ. ಹುಲ್ಲು, ಡೀಸೆಲ್ ಡಬ್ಬಿ ಇಟ್ಟಿರೋ ಶೆಡ್‌ನಲ್ಲೇ ಭಟ್ಟಿ ಇಡ್ತೀವಿ ಅಂತ ಯಾರಾದ್ರೂ ಅಂದ್ರೆ ನಾನು ಅಲ್ಲಿಗೇ ಮಾತು ನಿಲ್ಲಿಸ್ತೀನಿ. ಮೂರನೇದು ಹುದುಗೋ ತೊಟ್ಟಿ ಬಿಡೋ ಕಾರ್ಬನ್ ಡೈ ಆಕ್ಸೈಡ್. ಒಂದು ಕೆಜಿ ಆಲ್ಕೋಹಾಲ್ ಆಗೋವಾಗ ಹೆಚ್ಚುಕಮ್ಮಿ ಅಷ್ಟೇ ತೂಕದ ಗ್ಯಾಸ್ ಬರತ್ತೆ, ಅದು ಗಾಳಿಗಿಂತ ಭಾರ, ನೆಲಮಾಳಿಗೆಲಿ ನೀರು ನಿಂತಂಗೆ ನಿಲ್ಲತ್ತೆ. ಗಡ್ಡೆ ಇಡೋ ತಂಪಾದ ನೆಲಮಾಳಿಗೆ ಇದೆ, ಅಲ್ಲೇ ತೊಟ್ಟಿ ಇಡೋಣ ಅನ್ನೋ ಯೋಚನೆ ರೈತರ ಮನೆಲಿ ಸಹಜವಾಗಿ ಬರತ್ತೆ, ಅದನ್ನ ಮಾತ್ರ ಮಾಡಬೇಡಿ.

ಹಸಿರು ಗಡ್ಡೆ ವಿಷಯ. ಬೆಳಕು ಬಿದ್ದಾಗ ಗಡ್ಡೆಲಿ ಎರಡು ಕೆಲಸ ಒಟ್ಟಿಗೆ ನಡೆಯತ್ತೆ, ಒಂದು ಹಸಿರು ಬಣ್ಣ ಬರೋದು, ಅದು ಎಲೆಲಿರೋ ಹಸಿರೇ, ಅದರಿಂದ ತೊಂದ್ರೆ ಇಲ್ಲ, ಇನ್ನೊಂದು ಸೊಲನಿನ್, ಚಕೊನಿನ್ ಅನ್ನೋ ಕಹಿ ವಿಷಗಳು ಏರೋದು. ಅಪ್ಪನವರು ಹೇಳ್ತಿರೋದು ಇದನ್ನೇ, ಮತ್ತು ಗಡ್ಡೆ ತಿನ್ನೋ ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ, ಬೇಯಿಸಿದ್ರೂ ಆ ವಿಷ ಹೋಗಲ್ಲ. ಆದ್ರೆ ಅವು ಆವಿ ಆಗೋ ಜಾತಿ ಅಲ್ಲ. ಭಟ್ಟಿ ಇಳಿಸಿದಾಗ ಆಲ್ಕೋಹಾಲ್ ಮೇಲೆ ಹೋಗತ್ತೆ, ಸೊಲನಿನ್ ಕೆಳಗೆ ಗಸಿಯಲ್ಲೇ ಉಳಿಯತ್ತೆ, ಬಾಟಲಿಗೆ ಬರಲ್ಲ. ಅದು ಗಸಿಲಿ ಉಳಿಯತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ, ಕೊನೇಲಿ ಮತ್ತೆ ಬರ್ತೀನಿ.

ಕೊಳೆತ ಗಡ್ಡೆ ಮಾತ್ರ ಬೇರೆ ಕಥೆ. ವೋಡ್ಕಾಗೆ ಎಂಥ ಗಡ್ಡೆ ಆದ್ರೂ ನಡೆಯತ್ತೆ, ಹೆಂಗೂ ಭಟ್ಟಿ ಇಳಿಸ್ತೀವಲ್ಲ ಅನ್ನೋ ಮಾತು ನಾನು ಕೇಳಿರೋ ಸುಳ್ಳುಗಳಲ್ಲಿ ಎಲ್ಲಕ್ಕಿಂತ ದುಬಾರಿ ಸುಳ್ಳು. ಮೆತ್ತಗೆ ಕೊಳೆಸೋ ಬ್ಯಾಕ್ಟೀರಿಯಾ ತಿನ್ನೋದೇ ಪೆಕ್ಟಿನ್ನನ್ನ, ಜೊತೆಗೆ ಪಿಷ್ಟನೂ ಕರಗಿ ಹೋಗಿರತ್ತೆ, ಕೆಟ್ಟ ಹುಳಿ ಸೇರತ್ತೆ, ಅದರ ವಾಸನೆ ಆವಿ ಜೊತೆ ಸೀದಾ ಬಾಟಲಿಗೆ ಬರತ್ತೆ. ಮಣ್ಣಿನ ಜೊತೆ ಬಂದ ಕೆಲವು ಬ್ಯಾಕ್ಟೀರಿಯಾ ಹುದುಗೋವಾಗಲೇ ಗ್ಲಿಸರಾಲನ್ನ ಹಾಳು ಮಾಡಿ ಕೊನೆಗೆ ಅಕ್ರೋಲಿನ್ ಆಗೋ ಹಾಗೆ ಮಾಡ್ತವೆ, ಅದು ಬಂತಂದ್ರೆ ಭಟ್ಟಿ ಹತ್ರ ನಿಲ್ಲೋಕಾಗಲ್ಲ, ಮೆಣಸಿನಕಾಯಿ ಹೊಗೆ ಥರ ಕಣ್ಣು ಮೂಗು ಉರಿಯತ್ತೆ, ಆ ಬ್ಯಾಚ್ ಉಳಿಸೋ ಉಪಾಯ ನನಗೆ ಇವತ್ತಿನ ತನಕ ಸಿಕ್ಕಿಲ್ಲ. ಮಣ್ಣಿನ ವಾಸನೆ ಕೊಡೋ ಜಿಯೋಸ್ಮಿನ್ ಕೂಡ ಆವಿ ಜೊತೆ ಏರಿ ಬರತ್ತೆ. ಅದಕ್ಕೇ ಒಳ್ಳೆ ಆಲೂಗಡ್ಡೆ ವೋಡ್ಕಾದ ಅರ್ಧ ಕೆಲಸ ತೊಳೆಯೋ ತೊಟ್ಟಿಲೇ ಮುಗಿಯತ್ತೆ ಅಂತ ನಾನು ಹೇಳೋದು. ಸಿಪ್ಪೆ ತೆಗೆಯೋದು ಬೇಡ, ಆದ್ರೆ ಕೊನೇ ತೊಳೆತದ ನೀರು ಕುಡಿಯೋ ನೀರಿನಷ್ಟು ತಿಳಿಯಾಗೋ ತನಕ ತೊಳೀಬೇಕು. ಸಣ್ಣದು, ಸೊಟ್ಟದು, ಹೊಸದಾಗಿ ಸೀಳಿದ್ದು ಎಲ್ಲಾ ನಡೆಯತ್ತೆ, ಕೊಳೆತಿದ್ದು ಬೇಡ, ತುಂಬ ಮೊಳಕೆ ಬಂದಿದ್ದು ಬೇಡ, ಮೊಳಕೆ ಪಿಷ್ಟ ತಿಂದೇ ಬೆಳೆದಿರತ್ತೆ. ಒಂದು ಸಮಾಧಾನದ ಸಂಗತಿನೂ ಇದೆ. ಗಡ್ಡೆ 4 ಡಿಗ್ರಿಗಿಂತ ತಣ್ಣಗೆ ಇಟ್ಟಾಗ ಪಿಷ್ಟ ಸಕ್ಕರೆ ಆಗಿ ಸಿಹಿ ತಿರುಗತ್ತೆ, ಕರಿದಾಗ ಕಪ್ಪಾಗತ್ತೆ ಅಂತ ಚಿಪ್ಸ್ ಕಾರ್ಖಾನೆಯವರು ಲಾರಿನೇ ವಾಪಸ್ ಕಳಿಸ್ತಾರೆ, ಯೀಸ್ಟಿಗೆ ಆ ಸಕ್ಕರೆ ಊಟನೇ.

ನಿಮ್ಮ ಅಂಟಿನ ಮುದ್ದೆ ಯಾಕಾಯ್ತು ಅಂತ ಹೇಳ್ತೀನಿ, ಇದರಲ್ಲಿ ನಿಮ್ಮ ತಪ್ಪು ಒಂದೇ, ಆದ್ರೆ ದೊಡ್ಡದು. ಯೀಸ್ಟ್ ಪಿಷ್ಟ ತಿನ್ನಲ್ಲ. ಪಿಷ್ಟ ಅಂದ್ರೆ ಸಾವಿರಾರು ಸಕ್ಕರೆ ಮಣಿ ಪೋಣಿಸಿದ ಸರ, ಯೀಸ್ಟಿಗೆ ಬೇಕಿರೋದು ಬಿಡಿ ಮಣಿ. ಆ ಸರ ಕಡಿಯೋಕೆ ಎಂಜೈಮ್ ಬೇಕು. ಮೊಳಕೆ ಬರಿಸಿದ ಬಾರ್ಲಿಲಿ, ಅಂದ್ರೆ ಮಾಲ್ಟ್‌ನಲ್ಲಿ, ಆ ಎಂಜೈಮ್ ಇರತ್ತೆ, ಆಲೂಗಡ್ಡೆಲಿ ಈ ಕೆಲಸಕ್ಕೆ ಸಾಕಾಗುವಷ್ಟು ಇಲ್ಲ. ನೀವು ಎಂಜೈಮ್ ಇಲ್ದೆ ಬೇಯಿಸಿದ್ರಿ. ಆಲೂಗಡ್ಡೆ ಪಿಷ್ಟದ ಕಣ ಬೇರೆ ಪಿಷ್ಟಗಳಿಗಿಂತ ದೊಡ್ಡದು, 60 ಡಿಗ್ರಿ ಆಸುಪಾಸಿನಲ್ಲಿ ನೀರು ಕುಡಿದು ಊದ್ಕೊಳತ್ತೆ, ಊದ್ಕೊಂಡು ಒಡೆದು ಪೂರ್ತಿ ಅಂಟಾಗತ್ತೆ. ಯೀಸ್ಟಿಗೆ ತಿನ್ನೋಕೆ ಏನೂ ಸಿಗಲಿಲ್ಲ, ಬೆಚ್ಚಗಿನ ಮುದ್ದೆಲಿ ಬ್ಯಾಕ್ಟೀರಿಯಾ ಹಬ್ಬ ಮಾಡ್ತು, ಮೂರನೇ ದಿನದ ವಾಸನೆ ಅದೇ.

ಸರಿಯಾಗಿ ಮಾಡೋ ಜಾಗದಲ್ಲಿ ಏನು ಮಾಡ್ತಾರೆ ಅಂದ್ರೆ, ಗಡ್ಡೆ ಹಸಿಯಾಗೇ ನುರಿಸಿ, ಸ್ವಲ್ಪವೇ ನೀರು ಹಾಕಿ, ಬಿಸಿ ತಡೆಯೋ ಆಲ್ಫಾ ಅಮೈಲೇಸ್ ಅನ್ನೋ ಎಂಜೈಮನ್ನ ಬಿಸಿ ಮಾಡೋ ಮೊದಲೇ ಹಾಕ್ತಾರೆ, ಇದೇ ಗುಟ್ಟು, ಅಂಟಾದ ಮೇಲೆ ಹಾಕೋದಲ್ಲ. ಅಂಟು ಕಟ್ಟೋ ಹೊತ್ತಿಗೇ ಅದು ಕಡಿಯೋಕೆ ಶುರು ಮಾಡತ್ತೆ. ತಿರುಗಿಸ್ತಾ 85ರಿಂದ 90 ಡಿಗ್ರಿಗೆ ತಂದು ಒಂದು ಗಂಟೆ ಬಿಟ್ರೆ ಮುದ್ದೆ ಇದ್ದಿದ್ದು ತೆಳ್ಳಗೆ ಸಾರಿನ ಥರ ಆಗತ್ತೆ, ಮೊದಲ ಸಲ ನೋಡಿದೋರು ನಂಬಲ್ಲ. ಆಮೇಲೆ 60 ಡಿಗ್ರಿಗೆ ಇಳಿಸಿ, ಹುಳಿ ಪಿಎಚ್ 4.5ರಿಂದ 5ರ ಒಳಗೆ ತಂದು ಗ್ಲೂಕೋಅಮೈಲೇಸ್ ಹಾಕ್ತಾರೆ, ಅದು ಉಳಿದ ತುಂಡುಗಳನ್ನ ಗ್ಲೂಕೋಸ್ ಮಾಡತ್ತೆ. ಒಂದು ಚಮಚ ಗಂಜಿ ತಟ್ಟೆಗೆ ಹಾಕಿ ಎರಡು ಹನಿ ಅಯೋಡಿನ್ ಬಿಟ್ಟು ನೋಡ್ತಾರೆ, ನೀಲಿ ಕಪ್ಪು ಬಂದ್ರೆ ಪಿಷ್ಟ ಇನ್ನೂ ಇದೆ, ಅಯೋಡಿನ್ ತನ್ನ ಬಣ್ಣದಲ್ಲೇ ನಿಂತ್ರೆ ಆಯ್ತು. ಆ ಚಮಚವನ್ನ ವಾಪಸ್ ಸುರಿಯಬಾರದು. ಇಷ್ಟಾದ ಮೇಲೆ 30 ಡಿಗ್ರಿಗೆ ಬೇಗ ತಣ್ಣಗೆ ಮಾಡಿ, ಡಿಸ್ಟಿಲರಿಗೆ ಅಂತಲೇ ಇರೋ ಯೀಸ್ಟ್ ಹಾಕೋದು, ಮೂರ್ನಾಲ್ಕು ದಿನದಲ್ಲಿ ಮುಗಿಯತ್ತೆ. ತಣ್ಣಗಾಗೋಕೆ ರಾತ್ರಿ ಪೂರ್ತಿ ಬಿಟ್ರೆ ಯೀಸ್ಟಿಗಿಂತ ಮೊದಲು ಬ್ಯಾಕ್ಟೀರಿಯಾ ಊಟಕ್ಕೆ ಕೂತಿರತ್ತೆ.

ಈಗ ಲೆಕ್ಕ. ಆಲೂಗಡ್ಡೆಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು, ಎಷ್ಟು ಬಾಟಲಿ ಅನ್ನೋದು ಪೂರ್ತಿ ಪಿಷ್ಟದ ಮೇಲೆ ನಿಂತಿದೆ, ಅದನ್ನ ನೀವು ಮನೆಲೇ ಅಳೀಬಹುದು, ಇದಕ್ಕೆ ಯಾವ ಲೈಸೆನ್ಸೂ ಬೇಡ. ತೊಳೆದು ಒರೆಸಿದ ಗಡ್ಡೆ ಸರಿಯಾಗಿ 5 ಕೆಜಿ ತೂಗಿ, ಜಾಲರಿ ಬುಟ್ಟಿಲಿ ಹಾಕಿ ತಕ್ಕಡಿಗೆ ನೇತುಹಾಕಿ ನೀರಲ್ಲಿ ಪೂರ್ತಿ ಮುಳುಗಿಸಿ ಮತ್ತೆ ತೂಗಿ, ಬುಟ್ಟಿಯದ್ದೇ ನೀರೊಳಗಿನ ತೂಕ ಕಳೀರಿ. ನೀರಲ್ಲಿ 370 ಗ್ರಾಂ ತೂಗಿದ್ರೆ ಸಾಂದ್ರತೆ 1.080, ಪಿಷ್ಟ ಸುಮಾರು 14 ಪರ್ಸೆಂಟ್. 455 ಗ್ರಾಂ ತೂಗಿದ್ರೆ 1.100, ಪಿಷ್ಟ ಸುಮಾರು 18. ಸಣ್ಣ ಗಡ್ಡೆ, ದೊಡ್ಡ ಗಡ್ಡೆ, ಬೇರೆಬೇರೆ ತಳಿ ಎಲ್ಲಾ ಬೇರೆಬೇರೆ ತೂಗಿ ಬರೆದಿಟ್ಕೊಳ್ಳಿ, ಎಳೆ ಗಡ್ಡೆಲಿ ಕಮ್ಮಿ ಬರತ್ತೆ.

14 ಪರ್ಸೆಂಟ್ ಅಂತ ಇಟ್ಕೊಳ್ಳಿ. 100 ಕೆಜಿಲಿ 14 ಕೆಜಿ ಪಿಷ್ಟ, ಪುಸ್ತಕದ ಲೆಕ್ಕದಲ್ಲಿ 10 ಲೀಟರ್ ಶುದ್ಧ ಆಲ್ಕೋಹಾಲ್ ಬರಬೇಕು, ಕೆಲಸದಲ್ಲಿ 8 ಬಂದ್ರೆ ಚೆನ್ನಾಗಿ ಮಾಡಿದೀರಿ ಅಂತ, ಹೆಡ್ಸು, ಕೊನೇ ಭಾಗದ ಟೇಲ್ಸು ತೆಗೆದ್ರೆ ಕೈಗೆ 7. ಒಂದು 750 ಎಂಎಲ್ ಬಾಟಲಿಲಿ 40 ಪರ್ಸೆಂಟ್ ಅಂದ್ರೆ 0.3 ಲೀಟರ್ ಶುದ್ಧ ಆಲ್ಕೋಹಾಲ್, ಅಲ್ಲಿಗೆ 100 ಕೆಜಿಗೆ 23 ಬಾಟಲಿ, ಬಾಟಲಿಗೆ ನಾಲ್ಕು ಕೆಜಿ ಚಿಲ್ಲರೆ. ನಿಮ್ಮ 12 ಟನ್‌ನಲ್ಲಿ ಕೊಳೆತಿದ್ದು, ಮೊಳಕೆದ್ದು ಆರಿಸಿ ತೆಗೆದು 9 ಟನ್ ಉಳೀತು ಅಂದ್ರೂ ಸುಮಾರು 2,100 ಬಾಟಲಿ. ಗೋಧಿ ಆದ್ರೆ 100 ಕೆಜಿಗೆ 35 ಲೀಟರ್ ಆಸುಪಾಸು ಶುದ್ಧ ಆಲ್ಕೋಹಾಲ್ ಬರತ್ತೆ, ಅದೂ ವರ್ಷವಿಡೀ ಮೂಟೆಲಿ ಇಡಬಹುದು, ಗಡ್ಡೆ ಹಂಗಲ್ಲ. ಪ್ರಪಂಚದ ಹೆಚ್ಚಿನ ವೋಡ್ಕಾ ಧಾನ್ಯದಿಂದ ಆಗೋದು ಯಾಕೆ ಅಂತ ಇಲ್ಲೇ ಗೊತ್ತಾಗತ್ತೆ.

ವೋಡ್ಕಾ ಅಂದ್ರೆ ಮೂಲದಿಂದಲೂ ಆಲೂಗಡ್ಡೆದೇ ಅನ್ನೋದೂ ಹಂಗೇ ಒಂದು ತಪ್ಪು ಕಲ್ಪನೆ. ಆಲೂಗಡ್ಡೆ ಯೂರೋಪಿಗೆ ಹೋಗಿದ್ದೇ ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ. ಸ್ವೀಡನ್ನಿನ ಎವಾ ಏಕೆಬ್ಲಾಡ್ ಅನ್ನೋ ಹೆಣ್ಣುಮಗಳು ಆಲೂಗಡ್ಡೆಯಿಂದ ಹಿಟ್ಟು, ಮದ್ಯ ಎರಡನ್ನೂ ಮಾಡೋ ಕ್ರಮ ತೋರಿಸಿದ್ದು 1746ರಲ್ಲಿ, 1748ರಲ್ಲಿ ಅಲ್ಲಿನ ರಾಯಲ್ ವಿಜ್ಞಾನ ಅಕಾಡೆಮಿ ಅವರನ್ನ ಸದಸ್ಯೆ ಮಾಡ್ಕೊಂಡ್ತು, ಅಲ್ಲಿಗೆ ಸೇರಿದ ಮೊದಲ ಮಹಿಳೆ ಅವರು. ಜನರ ಊಟಕ್ಕೆ ಬೇಕಾದ ಧಾನ್ಯ ಭಟ್ಟಿಗೆ ಹೋಗೋದು ತಪ್ಪಲಿ ಅನ್ನೋದು ಆಗ ದೊಡ್ಡ ವಿಷಯ ಆಗಿತ್ತು, ನಿಮ್ಮ ಥರ ಮಾರೋಕಾಗದ ಗಡ್ಡೆಗೆ ದಾರಿ ಹುಡುಕೋರು ಅವರನ್ನ ನೆನೆಸ್ಕೋಬೇಕು ಅಂತ ನನಗನ್ಸತ್ತೆ.

ಹಂಡೆ ವಿಷಯಕ್ಕೆ ಬರ್ತೀನಿ. ಎರಡು ಸಲ ಇಳಿಸಿದ್ರೆ ವೋಡ್ಕಾ ಆಗಲ್ಲ. ಯೂರೋಪಿನಲ್ಲಿ ವೋಡ್ಕಾಗೆ ಬಳಸೋ ಸ್ಪಿರಿಟ್ 96 ಪರ್ಸೆಂಟ್ ಮುಟ್ಟಬೇಕು, ಅಮೆರಿಕದಲ್ಲಿ 95. ಸಾದಾ ಹಂಡೆಲಿ ಎರಡನೇ ಸಲಕ್ಕೆ 60-70 ಆಸುಪಾಸು ಬರತ್ತೆ, ಅಲ್ಲಿಂದ 96ಕ್ಕೆ ಹೋಗೋಕೆ ಒಳಗೆ ತಟ್ಟೆ ಮೇಲೆ ತಟ್ಟೆ ಇರೋ ಎತ್ತರದ ಕಾಲಂ ಬೇಕು, ಒಂದೊಂದು ತಟ್ಟೇಲೂ ಆವಿ ಸ್ವಲ್ಪ ಇಳಿದು ಮತ್ತೆ ಏರತ್ತೆ, ಅಂದ್ರೆ ಒಂದೊಂದು ತಟ್ಟೆನೂ ಒಂದು ಸಣ್ಣ ಭಟ್ಟಿ ಇದ್ದಂಗೆ. ಬಾಟಲಿ ಮೇಲೆ ಐದು ಸಲ, ಏಳು ಸಲ ಇಳಿಸಿದ್ದು ಅಂತ ಬರೆಯೋದನ್ನ ಹಾಗಾಗಿ ನಾನು ಲೆಕ್ಕಕ್ಕೆ ಇಡಲ್ಲ, ಒಳ್ಳೆ ಕಾಲಂನಲ್ಲಿ ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ಕೆಲಸ ಆಗತ್ತೆ. ಮತ್ತೆ ಆ 50 ಲೀಟರ್ ಹಂಡೆಗೆ ಒಂದು ಸಲಕ್ಕೆ ಹಿಡಿಸೋದು 30-35 ಲೀಟರ್ ಗಂಜಿ, ನಿಮ್ಮ 9 ಟನ್ ಮುಗಿಸೋಕೆ ಮುನ್ನೂರು ಸಲ ತುಂಬಿಸಬೇಕು, ಅಷ್ಟರಲ್ಲಿ ಉಳಿದ ಗಡ್ಡೆ ಕೊಳೆತಿರತ್ತೆ. ಕೆಳಗೆ ನೇರ ಬೆಂಕಿ ಇಟ್ರಂತೂ ದಪ್ಪ ಗಂಜಿ ತಳ ಹಿಡಿದು ಸೀಯತ್ತೆ, ಆ ಸೀದ ವಾಸನೆ ಇದ್ದಿಲಲ್ಲಿ ಎಷ್ಟು ಸೋಸಿದ್ರೂ ಹೋಗಲ್ಲ, ಹೊರಗಿಂದ ಸ್ಟೀಮ್ ಸುತ್ತೋ ಹಂಡೆ, ಒಳಗೆ ತಿರುಗೋ ಕೈ ಎರಡೂ ಬೇಕೇ ಬೇಕು. ತಾಮ್ರ ಮಾತ್ರ ಹುಡುಗ ಸರಿಯಾಗಿ ಆರಿಸಿದಾನೆ, ಬೇಯಿಸಿದ ಆಲೂಗಡ್ಡೆಯ ಗಂಧಕದ ವಾಸನೆ ಹಿಡ್ಕೊಳ್ಳೋದು ತಾಮ್ರವೇ, ಪೂರ್ತಿ ಸ್ಟೀಲ್ ಇಟ್ರೆ ಆ ವಾಸನೆ ಉಳಿಯತ್ತೆ.

ಇಷ್ಟೆಲ್ಲ ಕಷ್ಟಪಟ್ಟು ಆಲೂಗಡ್ಡೆಲೇ ಯಾಕೆ ಅಂದ್ರೆ, ಚೆನ್ನಾಗಿ ಮಾಡಿದ್ದು ಬಾಯಲ್ಲಿ ಬೇರೆ ಥರ ಕೂರತ್ತೆ. ಧಾನ್ಯದ್ದು ಚುರುಕಾಗಿ ಹೋಗತ್ತೆ, ಆಲೂಗಡ್ಡೆದು ಸ್ವಲ್ಪ ದಪ್ಪ, ಕೆನೆ ಥರ, ಮಣ್ಣಿನ ನೆನಪು ಒಂದು ಎಳೆ. ಆದ್ರೆ ಆ ವ್ಯತ್ಯಾಸ ಸಣ್ಣದು, 96ಕ್ಕೆ ಏರಿಸಿದಷ್ಟೂ ಇನ್ನೂ ಸಣ್ಣದಾಗತ್ತೆ. ನಯ ಬರಲಿ ಅಂತ ಕೆಲವರು ಸಕ್ಕರೆ ಸೇರಿಸ್ತಾರೆ, ಯೂರೋಪಿನಲ್ಲಿ ಲೀಟರಿಗೆ 8 ಗ್ರಾಂ ತನಕ ಕಾನೂನೇ ಬಿಟ್ಟಿದೆ, ನನ್ನ ಅಭಿಪ್ರಾಯ ಕೇಳಿದ್ರೆ ಒಂದು ಗ್ರಾಮೂ ಬೇಡ, ನಿಮ್ಮ ಹೊಲದ ಗಡ್ಡೆ ಹೇಳೋದನ್ನ ಹೇಳಲಿ. ಕೊನೇಲಿ ಬೆರೆಸೋ ನೀರಿನ ಬಗ್ಗೆ ಮಾತ್ರ ಹುಷಾರು, ಗಡಸು ನೀರು ಹಾಕಿದ್ರೆ ಬಾಟಲಿ ಮಬ್ಬಾಗತ್ತೆ, ಆರ್‌ಒ ನೀರೇ ಬಳಸಬೇಕು.

ಇದು ಆಗೋ ಕೆಲಸಾನಾ ಅಂತ ಕೇಳಿದ್ರಿ, ಇರೋ ದಾರಿಗಳನ್ನ ಹೇಳ್ತೀನಿ. ಪೂರ್ತಿ ಸ್ವಂತ ಡಿಸ್ಟಿಲರಿ ಕಟ್ಟೋದು ಒಂದು. ಆಗದ ಕೆಲಸ ಅಲ್ಲ, ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಆಲೂಗಡ್ಡೆ ಬೆಳೀತಿದ್ದ ವಿಲಿಯಂ ಚೇಸ್ ಅನ್ನೋರು ಮೊದಲು ಚಿಪ್ಸ್ ಮಾಡಿ, ಆಮೇಲೆ 2008ರಲ್ಲಿ ಹೊಲದಲ್ಲೇ ವೋಡ್ಕಾ ಇಳಿಸಿ ಹೆಸರು ಮಾಡಿದ್ರು. ಆದ್ರೆ ಗಮನಿಸಿ, ಅವರು ವೋಡ್ಕಾಗೆ ಕೈ ಹಾಕೋ ಹೊತ್ತಿಗೆ ಚಿಪ್ಸ್ ಕಂಪನಿ ದೊಡ್ಡದಾಗಿ ಬೆಳೆಸಿದ್ರು, ಮಾರೋದು ಹೆಂಗೆ ಅಂತ ಕಲಿತಿದ್ರು. ನಿಮ್ಮ 2,100 ಬಾಟಲಿಗೆ ಕಾಲಂ, ಬಾಯ್ಲರ್, ಲೈಸೆನ್ಸ್, ತೆರಿಗೆ ಎಲ್ಲಾ ಹಾಕಿದ್ರೆ ಆ ಭಾರ ಬರೀ ಗ್ರೇಡಿಂಗ್‌ನಲ್ಲಿ ಬಿದ್ದ ಗಡ್ಡೆ ಹೊರಲ್ಲ, ಒಳ್ಳೆ ಗಡ್ಡೆನೂ ಭಟ್ಟಿಗೆ ಹಾಕೋ ದಿನ ಬರತ್ತೆ, ಆಗ ಹೊಲ ಡಿಸ್ಟಿಲರಿಗೆ ದುಡಿಯೋಕೆ ಶುರು ಮಾಡತ್ತೆ. ಇನ್ನೊಂದು, ಬೇರೆಯವರಿಂದ ರೆಡಿ ಸ್ಪಿರಿಟ್ ತಂದು ನೀರು ಬೆರೆಸಿ ನಿಮ್ಮ ಹೊಲದ ಚಿತ್ರ ಹಾಕಿ ಮಾರೋದು. ತುಂಬ ಜನ ಮಾಡ್ತಾರೆ, ಸುಲಭ ಕೂಡ. ಆದ್ರೆ ಅದರಲ್ಲಿ ನಿಮ್ಮ ಗಡ್ಡೆ ಇಲ್ಲ, ಗಡ್ಡೆದು ಅಂತ ಬರೆದ್ರೆ ಅದು ಮೋಸ, ಅಪ್ಪನವರು ಹೆದರ್ತಿರೋ ಹೆಸರು ಹೋಗೋದು ಅಂದ್ರೆ ಇದೇ. ಹಂಡೆದೇ ರುಚಿ ಬೇಕು ಅಂದ್ರೆ ವೋಡ್ಕಾ ಅನ್ನೋ ಹೆಸರು ಬಿಟ್ಟು ಆಲೂಗಡ್ಡೆ ಸ್ಪಿರಿಟ್ ಅಂತಲೇ ಮಾಡಬಹುದು, ನಾರ್ವೆಯವರ ಅಕ್ವಾವಿಟ್ ಆಲೂಗಡ್ಡೆ ಸ್ಪಿರಿಟ್ಟಿಗೆ ಮಸಾಲೆ ಬೀಜ ಸೇರಿಸಿ ಮಾಡಿದ್ದೇ, ಅಲ್ಲಿ ಆ ಹೆಸರಿಗೆ ಗಡ್ಡೆನೂ ಅಲ್ಲಿಯದೇ ಆಗಬೇಕು ಅನ್ನೋ ನಿಯಮ ಇದೆ. ಆದ್ರೆ ಇದಕ್ಕೂ ಲೈಸೆನ್ಸ್ ಬೇಕು, ಮಾರೋವಾಗ ಪ್ರತಿಯೊಬ್ಬರಿಗೂ ಇದೇನು ಅಂತ ವಿವರಿಸಬೇಕಾಗತ್ತೆ.

ನಾನು ನಿಮ್ಮ ಜಾಗದಲ್ಲಿದ್ರೆ ಮೊದಲ ಸುಗ್ಗಿಗೆ ಏನೂ ಕೊಳ್ಳಲ್ಲ. ಲೈಸೆನ್ಸ್ ಇರೋ, ದಪ್ಪ ಗಂಜಿ ಇಳಿಸೋ ಸಲಕರಣೆ ಇರೋ ಡಿಸ್ಟಿಲರಿ ಹುಡುಕಿ, 2 ಟನ್ ಆರಿಸಿ ತೊಳೆದ ಗಡ್ಡೆ ಅವರಿಗೆ ಕೊಟ್ಟು ಕೂಲಿ ಲೆಕ್ಕದಲ್ಲಿ ಮಾಡಿಸ್ತೀನಿ, ಹುಡುಗನನ್ನ ಆ ಅಷ್ಟೂ ದಿನ ಅಲ್ಲೇ ಬಿಡ್ತೀನಿ, ತೊಳೆಯೋದರಿಂದ ಹಿಡಿದು ಹಂಡೆ ಕೆರೆಯೋ ತನಕ. ಅದಕ್ಕೆ 450 ಬಾಟಲಿ ಬರಬಹುದು. ಇದರಲ್ಲೂ ತೊಡಕಿದೆ. ಎಷ್ಟೋ ಡಿಸ್ಟಿಲರಿಯವರು ಆಲೂಗಡ್ಡೆ ಅಂದ್ರೆ ಬೇಡ ಅಂತಾರೆ, ಪೈಪು ಕಟ್ಟತ್ತೆ ಅಂತ, ಒಪ್ಪಿದೋರು ನಿಮ್ಮ ಗಡ್ಡೆನ ಇನ್ನೊಬ್ಬರ ಸರಕಿನ ಜೊತೆ ಬೆರೆಸಬಹುದು, ಅದಕ್ಕೆ ನಿಮ್ಮ ಬ್ಯಾಚ್ ಬೇರೆಯೇ ಇಳಿಸ್ತೀವಿ, ಲ್ಯಾಬ್ ರಿಪೋರ್ಟ್ ಕೊಡ್ತೀವಿ ಅಂತ ಮೊದಲೇ ಬರೆಸ್ಕೊಳ್ಳಿ. ಆ 450 ಬಾಟಲಿ ಪರಿಚಯದವರನ್ನ ಬಿಟ್ಟು ಹೊರಗಿನವರು ಎರಡನೇ ಸಲ ಕೇಳಿ ತಗೊಂಡ್ರೆ ಮಾತ್ರ ಕಾಲಂ ಬಗ್ಗೆ ಯೋಚಿಸಿ.

ಕೊನೇದು ಹಸುಗಳು. 9 ಟನ್ ಗಡ್ಡೆ ಇಳಿಸಿದ್ರೆ ಹತ್ತಿರ ಹತ್ತಿರ 9-10 ಸಾವಿರ ಲೀಟರ್ ಗಸಿ ಉಳಿಯತ್ತೆ, ಪ್ರಶ್ನೆ ಕೇಳೋರು ಇದನ್ನ ಸಾಮಾನ್ಯವಾಗಿ ಮರೀತಾರೆ, ನೀವು ಕೇಳಿದ್ದು ನನಗೆ ಖುಷಿ ಆಯ್ತು. ಹಳ್ಳಕ್ಕೆ ಬಿಟ್ರೆ ಅದು ನೀರಿನ ಆಮ್ಲಜನಕ ಎಲ್ಲಾ ತಿಂದು ಮೀನು ಸಾಯತ್ತೆ, ಹಾಗೆ ಬಿಡೋ ಹಾಗಿಲ್ಲ. ದನಕ್ಕೆ ಹಾಕಬಹುದು, 19ನೇ ಶತಮಾನದಲ್ಲಿ ಪ್ರಷ್ಯಾ ಅನ್ನೋ ಹಳೇ ಜರ್ಮನ್ ರಾಜ್ಯದ ಪೂರ್ವದ ಎಸ್ಟೇಟುಗಳಲ್ಲಿ ಆಲೂಗಡ್ಡೆ ಭಟ್ಟಿ ಮತ್ತು ದನದ ಕೊಟ್ಟಿಗೆ ಜೋಡಿಯಾಗೇ ನಡೀತಿದ್ವು, ಗಸಿ ದನಕ್ಕೆ, ಸಗಣಿ ಹೊಲಕ್ಕೆ. ಆದ್ರೆ ಅವತ್ತಿನ ದಿನವೇ ಹಾಕಬೇಕು, ಮಾರನೇ ದಿನಕ್ಕೆ ಹುಳಿ ಕೆಡತ್ತೆ, ಒಣ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಬೇಕು. ಒಂದೇ ಸಮ ಜಾಸ್ತಿ ಗಸಿ ಕುಡಿದ ದನಕ್ಕೆ ಗೊರಸಿನ ಮೇಲೆ, ಮುಖ್ಯವಾಗಿ ಹಿಂಗಾಲಲ್ಲಿ, ಚರ್ಮ ಕೆಂಪಾಗಿ ಒಡೆದು ಹುಣ್ಣಾಗೋ ಕಾಯಿಲೆ ಬರತ್ತೆ, ಆಲೂಗಡ್ಡೆ ಗಸಿ ಹಾಕೋ ಕಡೆ ಹಳೆ ಪಶುವೈದ್ಯರಿಗೆಲ್ಲ ಅದು ಗೊತ್ತು. ಮತ್ತೆ ಬಾಟಲಿಗೆ ಬರದ ಆ ಸೊಲನಿನ್ ಇದೆಯಲ್ಲ, ಹಸಿರು ಗಡ್ಡೆದು, ಅದು ಅಷ್ಟೂ ಇದೇ ಗಸಿಲಿ ಕೂತಿದೆ. ಹಾಗಾಗಿ ಗಸಿ ಕೊಟ್ಟಿಗೆಗೆ ಹೋಗೋದಾದ್ರೆ ಹಸಿರು ಗಡ್ಡೆ ಹಂಡೆಗೇ ಹೋಗಬಾರದು, ಅದನ್ನ ಮೊದಲೇ ಆರಿಸಿ ತೆಗೀಬೇಕು. ಆರಿಸೋ ಕೆಲಸ ಅಪ್ಪನವರಿಗೇ ಒಪ್ಪಿಸಿ, ಅಷ್ಟು ಗಮನ ಕೊಟ್ಟು ನೋಡೋ ಕಣ್ಣು ಆ ಮನೆಲಿ ಬೇರೆ ಯಾರಿಗೂ ಇದ್ದಂಗಿಲ್ಲ.